ಟಾಮಿಯಾದ ವಿಲ್ಲಿಸ್ ಜೀಪು ಮಾವನ ಜೀಪಾಗುವಷ್ಟರಲ್ಲಿ ಮಳೆಗಾಲ ಮುಗಿಯಿತು

ಕಂಕನಾಡಿಯಲ್ಲಿ ನನ್ನದು ಹಲ್ಲಿನ ಲ್ಯಾಬ್ ಕೆಲಸ. ಡಾಕ್ಟರುಗಳು ಅಚ್ಚು ಕಳಿಸುತ್ತಾರೆ, ನಾವು ಕ್ಯಾಪ್, ಬ್ರಿಡ್ಜ್ ಮಾಡಿ ಕೊಡುತ್ತೇವೆ. ಒಂದು ಕೂದಲೆಳೆಯಷ್ಟು ಎತ್ತರ ಆದರೂ ಸಾಕು, "ಕಚ್ಚುವಾಗ ಎಂತದೋ ತಾಗ್ತದೆ" ಅಂತ ಪೇಷಂಟ್ ವಾಪಸ್ ಬರುತ್ತಾರೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಎರಡು ತುಂಡು ಕೂಡುವ ಜಾಗ ಕಂಡರೆ ಮೊದಲು ಉಗುರು ಹಾಕಿ ನೋಡುವ ಚಾಳಿ.

ಟಾಮಿಯಾದ 1/35 ಅಳತೆಯ, ಅಂದರೆ ನಿಜದ ಜೀಪಿಗಿಂತ ಮೂವತ್ತೈದು ಪಟ್ಟು ಸಣ್ಣ, ತುಂಡು ಜೋಡಿಸಿ ಕಟ್ಟುವ ವಿಲ್ಲಿಸ್ ಎಂಬಿ ಜೀಪಿನ ಕಿಟ್‌ಗೂ ಹಾಗೇ ಉಗುರು ಹಾಕಿದೆ. ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಛಾಸಿಯ ಮೇಲೆ ಬಾಡಿ ಇಟ್ಟರೆ ಅಂಟು ಹಾಕುವ ಮೊದಲೇ "ಟಕ್" ಅಂತ ಕೂರುತ್ತದೆ. ಜಪಾನಿನ ಶಿಜುಓಕಾದ ಈ ಕಂಪೆನಿಯವರು ಇದನ್ನು ಮಾರುಕಟ್ಟೆಗೆ ತಂದದ್ದು 1997ರಲ್ಲಿ. ಅಷ್ಟು ಹಳೆಯ ಅಚ್ಚು ಇವತ್ತಿಗೂ ಇಷ್ಟು ಚೊಕ್ಕವಾಗಿ ಬರುತ್ತದೆ ಅಂದರೆ ನನ್ನಂಥವನಿಗೆ ಸ್ವಲ್ಪ ಹೊಟ್ಟೆಕಿಚ್ಚೇ. ನಮ್ಮ ಅಚ್ಚುಗಳ ಆಯುಷ್ಯ ಒಂದು ವಾರ.

ಪೆಟ್ಟಿಗೆ ತೆರೆದರೆ ಮಿಲಿಟರಿ ಹಸಿರು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಭಾಗಗಳೆಲ್ಲ ಅದಕ್ಕೆ ಗೆಲ್ಲಿಗೆ ಕಾಯಿ ಅಂಟಿದ ಹಾಗೆ ಅಂಟಿಕೊಂಡಿರುತ್ತವೆ. ಸ್ಪ್ರೂ ಅಂತಾರೆ. ಜೊತೆಗೆ ಗಾಜಿನ ಹಾಗಿರುವ ತುಂಡುಗಳು, ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲು, ಚಿತ್ರ ನೋಡಿ ಮಾಡಬಹುದಾದ ಸೂಚನೆಯ ಹಾಳೆ. ಮುಗಿದ ಜೀಪಿನ ಉದ್ದ ಒಂಬತ್ತೂವರೆ ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಸಾಗಾಟ ಸೇರಿ ನನಗೆ ಎರಡು ಸಾವಿರದ ಒಳಗೆ ಬಂತು. ಆನ್‌ಲೈನ್‌ನಲ್ಲಿ ತರಿಸಿದ್ದು. ಮಾರಿದವರ ಹೆಸರು ಬೇಡ, ಯಾಕೆಂದರೆ ಪೆಟ್ಟಿಗೆಯ ಒಂದು ಮೂಲೆ ಜಜ್ಜಿ ಹೋಗಿತ್ತು. ಒಳಗೆ ಏನೂ ಮುರಿದಿರಲಿಲ್ಲ, ಅದೇ ಪುಣ್ಯ.

ಸೂಚನೆಯ ಹಾಳೆಯಲ್ಲಿರುವ ಹಾಗೆ ಮಾಡಿದರೆ ಎರಡು ಭಾನುವಾರದ ಕೆಲಸ. ಮಹಾಯುದ್ಧದ ಅಮೆರಿಕನ್ ಜೀಪು ಬರುತ್ತದೆ. ಬಾನೆಟ್ ಮೇಲೆ ಬಿಳಿ ನಕ್ಷತ್ರ, ಬದಿಯಲ್ಲಿ ಸಲಿಕೆ, ಕೊಡಲಿ, ಹಿಂದೆ ಪೆಟ್ರೋಲಿನ ಕ್ಯಾನು. ಮೊದಲ ಬಾರಿ ಕಿಟ್ ಕಟ್ಟುವವರು ಹಾಗೇ ಮಾಡಿ. ಐದಕ್ಕೆ ನಾಲ್ಕೂವರೆ ಕೊಡುತ್ತೇನೆ, ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು.

ನನಗೆ ಬೇಕಾದದ್ದು ಆ ಜೀಪು ಅಲ್ಲ. ನನಗೆ ಬೇಕಾದದ್ದು ವಿಟ್ಲದ ಹತ್ತಿರದ ನಮ್ಮ ಮಾವನ ಜೀಪು.

ನಮ್ಮ ಕಡೆ ಜೀಪು ಅಂದರೆ ಏನು ಅಂತ ಊರಿನವರಿಗೆ ಹೇಳಬೇಕಾಗಿಲ್ಲ. ಬಸ್ಸು ಹೋಗದ ಗುಡ್ಡೆಗೆ ಸರ್ವಿಸ್ ಜೀಪು ಹೋಗುತ್ತಿತ್ತು. ಒಳಗೆ ಹದಿನೈದು ಜನ, ಹಿಂದೆ ನೇತಾಡುವವರು ನಾಲ್ಕು, ಡ್ರೈವರ್ ಅರ್ಧ ಹೊರಗೆ. ಮಾವನದ್ದು ಸರ್ವಿಸ್ ಅಲ್ಲ, ತೋಟದ ಜೀಪು. ಅಡಿಕೆ ಗೋಣಿ ತುಂಬಿಸಿಕೊಂಡು ಮಂಗಳೂರು ಬಂದರಿನ ಮಂಡಿಗೆ ಬರುತ್ತಿತ್ತು. ವಾಪಸ್ ಹೋಗುವಾಗ ಗೊಬ್ಬರ, ಮೀನು ತಿನ್ನುವ ನೆರೆಮನೆಯವರಿಗೆ ಒಣಮೀನು, ಮತ್ತೆ ನಾನು. ರಜೆಯಲ್ಲಿ ಆ ಜೀಪಿನ ಹಿಂದಿನ ಸೀಟಿನಲ್ಲಿ ಕುಳಿತು ಹೋದವನಿಗೆ ಅದರ ಪ್ರತಿ ಬೋಲ್ಟು ಬೆನ್ನಿಗೆ ಗೊತ್ತು.

ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ವಿಲ್ಲಿಸ್ ಜೀಪನ್ನೇ ಇಲ್ಲಿ ಜೋಡಿಸಲು ಶುರು ಮಾಡಿದ್ದು. ಆದರೆ ನಮ್ಮ ರಸ್ತೆಗಳಲ್ಲಿ ಓಡಿದ್ದು ಜಾಸ್ತಿಯಾಗಿ ಅದರ ತಮ್ಮ, 1953ರಲ್ಲಿ ಬಂದ ಸಿಜೆ-3ಬಿ. ಅದರ ಎಂಜಿನ್ ಎತ್ತರ, ಹಾಗಾಗಿ ಬಾನೆಟ್ಟೂ ಎತ್ತರ. ಮುಖ ಸ್ವಲ್ಪ ಉಬ್ಬಿದ ಹಾಗೆ ಕಾಣುತ್ತದೆ. ಆ ಮಾದರಿಯ ಒಳ್ಳೆಯ ಪ್ಲಾಸ್ಟಿಕ್ ಕಿಟ್ ನನಗೆ ಎಲ್ಲೂ ಸಿಗಲಿಲ್ಲ. ಸಂತೆಯ ಆಟಿಕೆ ಜೀಪು ಬೇಕಾದಷ್ಟು ಉಂಟು, ಅದರ ಬಾಗಿಲಿನ ದಪ್ಪ ಅಳತೆಗೆ ತಂದರೆ ಅರ್ಧ ಅಡಿ ಗೋಡೆ!

ಒಂದು ಅನುಕೂಲ ಏನೆಂದರೆ ಎಂಬಿಗೂ ಸಿಜೆ-3ಬಿಗೂ ಚಕ್ರದಿಂದ ಚಕ್ರಕ್ಕೆ ದೂರ ಒಂದೇ, 80 ಇಂಚು. 1/35ಕ್ಕೆ ಇಳಿಸಿದರೆ 58 ಮಿ.ಮೀ. ಅಂದರೆ ಛಾಸಿ ಕತ್ತರಿಸುವ ತಲೆನೋವು ಇಲ್ಲ. ಅಡಿಭಾಗ ಟಾಮಿಯಾದ್ದು, ಮೇಲ್ಭಾಗ ನನ್ನದು. ಚಕ್ರದ ರಿಮ್ಮು ಮಾತ್ರ ಮಿಲಿಟರಿಯದ್ದೇ ಉಳಿಯಿತು. ಗೊತ್ತಿದ್ದವರು ಹಿಡಿಯುತ್ತಾರೆ, ಹಿಡಿಯಲಿ. ಅಲ್ಲಿ ಹೇಗೂ ಕೆಸರು ಮೆತ್ತುವುದು.

ಮೊದಲು ಸ್ಟೇರಿಂಗು. ಎಂಬಿಯಲ್ಲಿ ಅದು ಎಡಕ್ಕೆ. ಡ್ಯಾಶ್‌ಬೋರ್ಡಿನ ತೂತಿಗೆ ಲ್ಯಾಬಿನ ಅಕ್ರಿಲಿಕ್ ಪುಡಿ ಮತ್ತು ಲಿಕ್ವಿಡ್ ಕಲಸಿ ತುಂಬಿಸಿದೆ. ತಾತ್ಕಾಲಿಕ ಹಲ್ಲಿಗೆ ಬಳಸುವುದು ಇದನ್ನೇ. ಹತ್ತು ನಿಮಿಷದಲ್ಲಿ ಗಟ್ಟಿ, ಅಂಗಡಿಯ ಪುಟ್ಟಿಯ ಹಾಗೆ ಒಣಗಿದ ಮೇಲೆ ಕುಗ್ಗಿ ಗುಳಿ ಬೀಳುವುದಿಲ್ಲ. ಬಲಕ್ಕೆ ಕೈ ಡ್ರಿಲ್ಲಿನಿಂದ 0.8 ಮಿ.ಮೀ. ತೂತು, ಪೆಡಲುಗಳನ್ನು ಬ್ಲೇಡಿನಿಂದ ಎಬ್ಬಿಸಿ ಈಚೆಗೆ. ಇದು ಒಂದು ಸಂಜೆಯ ಕೆಲಸ. ಬಾನೆಟ್ಟನ್ನು ಹಳೇ ಫೋಟೋ ನೋಡಿ ಅಂದಾಜು 3 ಮಿ.ಮೀ. ಎತ್ತರಿಸಿದೆ. ಸುತ್ತ ಅರ್ಧ ಮಿ.ಮೀ. ದಪ್ಪದ ಸ್ಟೈರೀನ್ ಅನ್ನುವ ಪ್ಲಾಸ್ಟಿಕ್ ಹಾಳೆಯ ಪಟ್ಟಿ ಕಟ್ಟಿ, ಮೇಲೆ ಕಿಟ್‌ನ ಬಾನೆಟ್ಟನ್ನೇ ಕೂರಿಸಿದ್ದು. ಅದು ಮುಚ್ಚಿಯೇ ಇರುತ್ತದೆ. ಮಾವ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಹಾಕಿಸಿದ್ದರು, ಹಾಗಾಗಿ ತೆರೆದಿಟ್ಟರೆ ಕಿಟ್‌ನ ಎಂಜಿನ್ ಹೇಳುವುದು ಸುಳ್ಳು.

ಅಂಟಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಟಾಮಿಯಾದ್ದೇ ಎಕ್ಸ್‌ಟ್ರಾ ಥಿನ್ ಸಿಮೆಂಟ್, ಹಸಿರು ಮುಚ್ಚಳದ 40 ಮಿ.ಲೀ. ಬಾಟಲಿ. ಮುಚ್ಚಳಕ್ಕೇ ಬ್ರಶ್ ಉಂಟು. ಇದು ಅಂಟಿಸುವುದಲ್ಲ, ಪ್ಲಾಸ್ಟಿಕ್ಕನ್ನು ಕರಗಿಸಿ ಬೆಸೆಯುವುದು. ಎರಡು ತುಂಡು ಸೇರಿಸಿ ಹಿಡಿದು ಸಂದಿಗೆ ಬ್ರಶ್ ತಾಗಿಸಿದರೆ ಸಾಕು, ತಾನೇ ಒಳಗೆ ಹರಿದು ಹೋಗುತ್ತದೆ. ಬೆರಳು ಸಂದಿಯ ಮೇಲಿದ್ದರೆ ಬೆರಳಿಗೂ ಹರಿಯುತ್ತದೆ, ಆಮೇಲೆ ನಿಮ್ಮ ಹೆಬ್ಬೆಟ್ಟಿನ ಗುರುತು ಜೀಪಿನ ಮೇಲೆ ಕಾಯಂ. ಕಿಟಕಿ ತೆರೆದಿಟ್ಟೇ ಕೆಲಸ ಮಾಡಿ. ವಾಸನೆ ನಮ್ಮ ಲ್ಯಾಬಿನ ಲಿಕ್ವಿಡ್ಡಿಗಿಂತ ಕಡಿಮೆ ಏನಲ್ಲ.

ಇನ್ನು ಮುಖಕ್ಕೆ ಬರುತ್ತೇನೆ. ಜೀವ ತಿಂದದ್ದು ಇದೇ.

ಮಿಲಿಟರಿ ಜೀಪಿನ ಗ್ರಿಲ್ಲಿಗೆ ಒಂಬತ್ತು ಸೀಳು, ಸಿಜೆಗೆ ಏಳು. ಮಿಲಿಟರಿಯದ್ದರಲ್ಲಿ ಹೆಡ್‌ಲೈಟು ಒಳಗೆ ಅಡಗಿರುತ್ತದೆ, ನಮ್ಮದರಲ್ಲಿ ಕಪ್ಪೆಕಣ್ಣಿನ ಹಾಗೆ ಹೊರಗೆ. ಹಾಗಾಗಿ ಗ್ರಿಲ್ಲು ಹೊಸದೇ ಮಾಡಬೇಕು. ಅರ್ಧ ಮಿ.ಮೀ. ಹಾಳೆಯಲ್ಲಿ ಏಳು ಸೀಳು, ಒಂದೊಂದು ಒಂದು ಮಿ.ಮೀ. ಚಿಲ್ಲರೆ ಅಗಲ, ನಡುವಿನ ಕಂಬಿಗಳೆಲ್ಲ ಒಂದೇ ಸಮ. ಮೊದಲನೆಯದನ್ನು ಲ್ಯಾಬಿನ ಹ್ಯಾಂಡ್‌ಪೀಸಿಗೆ ಬರ್ ಅನ್ನುವ ಕೊರೆಯುವ ಮೊನೆ ಹಾಕಿ ಕೊರೆದೆ. ಪೊಗರು ನೋಡಿ. ಪಿಂಗಾಣಿ ಕೊರೆಯುವ ವೇಗಕ್ಕೆ ಸ್ಟೈರೀನು ಬಿಸಿಯಾಗಿ ಕರಗಿ ಬರ್ ಸುತ್ತ ಚೂಯಿಂಗ್ ಗಮ್ಮಿನ ಹಾಗೆ ಸುತ್ತಿಕೊಂಡಿತು. ಎರಡನೆಯದಕ್ಕೆ ಬ್ಲೇಡು, ಆರನೇ ಸೀಳಿನಲ್ಲಿ ಕಂಬಿ ತುಂಡಾಯಿತು. ಮೂರನೆಯದು ಕೈಯಲ್ಲಿದ್ದಾಗ ಚಂದ ಕಂಡಿತು, ಫೋಟೋ ತೆಗೆದು ದೊಡ್ಡದು ಮಾಡಿ ನೋಡಿದರೆ ಎಡದ ಸೀಳುಗಳು ಬಲದವಕ್ಕಿಂತ ಸಣ್ಣ. ಹೆಂಡತಿ "ಯಾರು ನೋಡ್ತಾರೆ ಮಾರಾಯ್ರೆ, ಸುಮ್ನೆ ಅಂಟಿಸಿ" ಅಂದಳು. ಅಂಟಿಸಬಹುದಿತ್ತು. ಮುಂದಿನ ಹಲ್ಲು ವಾರೆ ಇಟ್ಟು ಕಳಿಸಿದ ಹಾಗೆ ಆಗುತ್ತಿತ್ತು.

ನಾಲ್ಕನೆಯದಕ್ಕೆ ದಾರಿ ಬದಲಾಯಿಸಿದೆ. ಸೀಳು ಕೊರೆಯುವುದನ್ನೇ ಬಿಟ್ಟು ಕಂಬಿ ಕೂರಿಸಿದೆ. ಎವರ್‌ಗ್ರೀನ್ ಅಂತ ಅಮೆರಿಕದ ಕಂಪೆನಿಯೊಂದು ಅಳತೆಗೆ ಸರಿಯಾದ ಸ್ಟೈರೀನ್ ಕಡ್ಡಿಗಳನ್ನು ಮಾರುತ್ತದೆ. ಹಿಂದೆ ಕಪ್ಪು ಹಾಳೆ, ಅದರ ಮೇಲೆ ಆರು ಕಡ್ಡಿ ನಿಲ್ಲಿಸಿ, ನಡುವೆ ಅಂತರ ಕಾಯಲು ಅದೇ ದಪ್ಪದ ತಂತಿ ತುಂಡು ಇಟ್ಟು ಒಂದೊಂದೇ ಬೆಸೆದೆ. ಅಂಟು ಒಣಗಿದ ಮೇಲೆ ತಂತಿ ಎಳೆದು ತೆಗೆದರೆ ಏಳು ಸಂದಿ, ಏಳೂ ಒಂದೇ ಅಳತೆ. ಮೂರು ಭಾನುವಾರ ಹೋಗಿತ್ತು. ಇಲ್ಲಿಂದ ನೋಡಿದರೆ ಮೊದಲ ದಿನವೇ ಹೊಳೆಯಬೇಕಾದ ಉಪಾಯ, ಅಲ್ವಾ?

ಹೆಡ್‌ಲೈಟಿಗೆ ಚಮಕಿ. ಹೌದು, ರವಿಕೆಗೆ ಹೊಲಿಯುವ ಬೆಳ್ಳಿ ಬಣ್ಣದ, ಬಟ್ಟಲಿನ ಹಾಗಿರುವ ಚಮಕಿ. ಜೀಪಿನ ಹೆಡ್‌ಲೈಟು ಏಳು ಇಂಚು, ನಮ್ಮ ಅಳತೆಗೆ 5 ಮಿ.ಮೀ. ಹಂಪನಕಟ್ಟೆಯ ಹತ್ತಿರ ಟೈಲರ್ ಸಾಮಾನಿನ ಅಂಗಡಿಗೆ ಸ್ಕೇಲು ಹಿಡಿದುಕೊಂಡು ಹೋದೆ. ಅಂಗಡಿಯವರು "ಮದುವೆಯಾ?" ಅಂತ ಕೇಳಿದರು. "ಅಲ್ಲ, ಜೀಪಿಗೆ" ಅಂದೆ. ಮತ್ತೆ ಅವರು ಮಾತಾಡಲಿಲ್ಲ, ಹತ್ತು ರೂಪಾಯಿಗೆ ಒಂದು ಮುಷ್ಟಿ ಕೊಟ್ಟರು. ಬಟ್ಟಲಿನೊಳಗೆ ಒಂದು ತೊಟ್ಟು ಎಪಾಕ್ಸಿ ಬಿಟ್ಟರೆ ಅದು ತಾನೇ ಉಬ್ಬಿ ಗಾಜಾಗುತ್ತದೆ. ನಡುವಿನ ತೂತೇ ಬಲ್ಬು. ನೂರಾರು ರೂಪಾಯಿಯ ರೆಡಿಮೇಡ್ ಲೆನ್ಸು ಇದಕ್ಕಿಂತ ಚಂದ ಕಾಣುವುದಿಲ್ಲ.

ಮುಂದಿನ ಗ್ಲಾಸಿನ ಕತೆ ಬೇರೆ. ಕಿಟ್‌ನಲ್ಲಿ ಅದು ಎರಡು ತುಂಡು, ಮಾವನ ಜೀಪಿಗೆ ಒಂದೇ. ನಡುವಿನ ಕಂಬಿ ತೆಗೆದು ಎರಡನ್ನು ಸೇರಿಸೋಣ ಅಂತ ಸೂಪರ್ ಗ್ಲೂ ಹಾಕಿದೆ. ಬೆಳಿಗ್ಗೆ ನೋಡಿದರೆ ಡಿಸೆಂಬರಿನ ಮಡಿಕೇರಿಯ ಮಂಜು! ಆ ಅಂಟಿನ ಆವಿ ತೇವಕ್ಕೆ ಸಿಕ್ಕಿ ಬೆಳ್ಳಗೆ ಕೂರುತ್ತದೆ, ಗೊತ್ತಿತ್ತು, ಆದರೂ ಹಾಕಿದ್ದೆ. ಕೊನೆಗೆ ಬೇಕರಿಯ ಸ್ವೀಟ್ ಬಾಕ್ಸಿನ ಪಾರದರ್ಶಕ ಮುಚ್ಚಳ ಕತ್ತರಿಸಿ ಕೂರಿಸಿದೆ. ಅದು ಕಿಟ್‌ನ ಗ್ಲಾಸಿಗಿಂತ ತೆಳ್ಳಗೆ, ಹಾಗಾಗಿ ನಿಜದ ಗ್ಲಾಸಿನ ಹಾಗೆ ಕಾಣುತ್ತದೆ. ಟರ್ಪಾಲಿಗೆ ಟಿಶ್ಯೂ ಕಾಗದ, ನೀರು ಬೆರೆಸಿದ ಫೆವಿಕಾಲ್. ತಂತಿಯ ಕಮಾನಿನ ಮೇಲೆ ಹಾಸಿ ಬಿಟ್ಟರೆ ಒಣಗುವಾಗ ತಾನೇ ಜೋಲು ಬೀಳುತ್ತದೆ.

ಪೇಂಟ್ ಮಾಡುವ ಹೊತ್ತಿಗೆ ಜುಲೈ ಬಂತು. ಇಲ್ಲಿ ಒಂದು ಮಾತು ಮಂಗಳೂರು, ಉಡುಪಿಯವರಿಗೇ ಹೇಳಬೇಕು. ಬೆಂಗಳೂರಿನವರ ವಿಡಿಯೋ ನೋಡಿ ಅವರ ಹಾಗೆ ಲ್ಯಾಕರ್ ಹೊಡೆಯಬೇಡಿ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಸುರಿಯುವ ಊರು ನಮ್ಮದು. ಜುಲೈಯಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಲ್ಯಾಕರಿನ ತಿನ್ನರ್ ಬೇಗ ಆರುತ್ತದೆ, ಆರುವಾಗ ಮೇಲ್ಮೈಯನ್ನು ತಣ್ಣಗೆ ಮಾಡುತ್ತದೆ, ಗಾಳಿಯ ತೇವ ಅಲ್ಲಿ ಬಂದು ಕೂರುತ್ತದೆ. ಹೊಳಪು ಬರಬೇಕಾದಲ್ಲಿ ಬಿಳಿ ಪೊರೆ. ಬಣ್ಣದ ಮೇಲೆ ಕೊನೆಗೆ ಹೊಡೆದ ನನ್ನ ಕ್ಲಿಯರ್ ಕೋಟು ಹಾಗೇ ಆಯಿತು. ಇಡೀ ಜೀಪು ಮಜ್ಜಿಗೆಯಲ್ಲಿ ಅದ್ದಿದ ಹಾಗೆ.

ಸರಿ ಮಾಡಲು ದಾರಿ ಉಂಟು. ನಿಧಾನ ಆರುವ ರಿಟಾರ್ಡರ್ ಬೆರೆಸಿದ ತಿನ್ನರನ್ನು ತೆಳ್ಳಗೆ ಮತ್ತೊಮ್ಮೆ ಹೊಡೆದರೆ ಕೋಟು ಮೆತ್ತಗಾಗಿ ತೇವ ಬಿಟ್ಟುಕೊಡುತ್ತದೆ, ಪೊರೆ ಹೋಗುತ್ತದೆ. ಹಾಗೆ ಮಾಡಿದೆ. ಆದರೆ ಹಿಂದಿನ ಬಾಗಿಲಿನ ಮೇಲಿನ ಪೊರೆ ಬಿಸಿಲಿಗೆ ಬಣ್ಣ ಹಾರಿದ ಹಾಗೆ ಎಷ್ಟು ಸಹಜವಾಗಿತ್ತೆಂದರೆ ಅದನ್ನು ಮಾತ್ರ ಹಾಗೇ ಬಿಟ್ಟೆ.

ಪೇಂಟ್ ಹೊಡೆಯುವ ಏರ್‌ಬ್ರಶ್ಶಿಗೆ ಗಾಳಿ ಕೊಡಲು ನಾನು ಕೊಂಡ ಕಂಪ್ರೆಸರ್ ಬಗ್ಗೆ ಕೇಳಬೇಡಿ. ಹೆಸರು ಹೇಳುವುದಿಲ್ಲ, ಅಗ್ಗದ್ದು. ಅದರ ನೀರು ಹಿಡಿಯುವ ಬಟ್ಟಲು ಮಳೆಗಾಲದಲ್ಲಿ ಹತ್ತು ನಿಮಿಷಕ್ಕೆ ತುಂಬುತ್ತದೆ. ತುಂಬಿದ ಮೇಲೆ ಏರ್‌ಬ್ರಶ್ ಪೇಂಟಿನ ಜೊತೆ ನೀರೂ ಉಗುಳುತ್ತದೆ. ಬಾನೆಟ್ಟಿನ ಮೇಲೆ ಮೂರು ಹನಿ, ತಿಕ್ಕಿ ಮತ್ತೆ ಹೊಡೆದೆ. ಅರ್ಧದಲ್ಲಿ ಕರೆಂಟೂ ಹೋಯಿತು. ನೀವು ಕೊಳ್ಳುವುದಾದರೆ ಟ್ಯಾಂಕ್ ಇರುವುದನ್ನೇ ಕೊಳ್ಳಿ, ಮೋಟರಿನಿಂದ ಬಂದ ಗಾಳಿ ಟ್ಯಾಂಕಿನಲ್ಲಿ ಸ್ವಲ್ಪ ತಣಿದು ಅಲ್ಲೇ ನೀರು ಬಿಡುತ್ತದೆ. ಬಣ್ಣಕ್ಕೆ ಟಾಮಿಯಾದ ಅಕ್ರಿಲಿಕ್ ಆಯ್ದುಕೊಂಡೆ. ಎಕ್ಸ್-14 ಸ್ಕೈ ಬ್ಲೂಗೆ ಎಕ್ಸ್‌ಎಫ್-19 ಸ್ಕೈ ಗ್ರೇ ಬೆರೆಸುತ್ತಾ ಹೋದೆ, ಮಾವನ ಮನೆಯ ಕೊಟ್ಟಿಗೆಯ ಬಾಗಿಲಿನ ನೆನಪು ಬರುವವರೆಗೆ. ಅವರು ಜೀಪಿಗೆ ಹೊಡೆಸಿ ಉಳಿದ ಬಣ್ಣವನ್ನು ಆ ಬಾಗಿಲಿಗೆ ಹಚ್ಚಿದ್ದರು, ಅದು ಈಗಲೂ ಹಾಗೇ ಉಂಟು. ಎಕ್ಸ್-20ಎ ತಿನ್ನರ್ ಸೇರಿಸಿ ಹಾಲಿನ ಹದಕ್ಕೆ ತಂದು ತೆಳ್ಳಗೆ ನಾಲ್ಕು ಕೋಟು. ಇವು ಮಳೆಯಲ್ಲೂ ತಕರಾರು ಮಾಡಲಿಲ್ಲ, ಒಣಗಲು ಒಂದು ದಿನ ಜಾಸ್ತಿ ಕೇಳಿದವು ಅಷ್ಟೇ.

ನಂಬರ್ ಪ್ಲೇಟು ಕಂಪ್ಯೂಟರಿನಲ್ಲಿ ಮಾಡಿ ಪ್ರಿಂಟ್ ತೆಗೆದದ್ದು, ಎತ್ತರ ಮೂರು ಮಿ.ಮೀ. ನಂಬರು ಇಲ್ಲಿ ಬರೆಯುವುದಿಲ್ಲ. ಆ ಜೀಪು ಈಗ ಯಾರದ್ದೋ.

ಇನ್ನು ಕೆಸರು. ಅಂಗಡಿಯಲ್ಲಿ ಪಿಗ್ಮೆಂಟ್ ಅಂತ ಸಣ್ಣ ಡಬ್ಬಿಯಲ್ಲಿ ಮಣ್ಣಿನ ಬಣ್ಣದ ಪುಡಿ ಸಿಗುತ್ತದೆ, ಒಂದಕ್ಕೆ ಮುನ್ನೂರು ನಾಲ್ಕುನೂರು. ಕೆಂಪು ಡಬ್ಬಿಯಲ್ಲಿರುವುದು ಐರನ್ ಆಕ್ಸೈಡು. ನಮ್ಮ ಮುರಕಲ್ಲನ್ನು ಕೆಂಪು ಮಾಡಿದ್ದೂ ಅದೇ. ಮಂಗಳೂರಿನಲ್ಲಿ ಕುಳಿತು ಕೆಂಪು ಮಣ್ಣಿಗೆ ದುಡ್ಡು ಕೊಟ್ಟರೆ ಅಜ್ಜಿ ಎದ್ದು ಬಂದು ಬೈದಾರು. ಮಾವನ ಮನೆಯ ಅಂಗಳದ ಬದಿಯಿಂದ ಒಂದು ತುಂಡು ಮುರಕಲ್ಲು ತಂದೆ. ಕುಟ್ಟಾಣಿಯಲ್ಲಿ ಕುಟ್ಟಿ, ಹಳೇ ಬಿಳಿ ಪಂಚೆಯಲ್ಲಿ ಎರಡು ಸಲ ಜಾಲಿಸಿದೆ. ಈ ಜಾಲಿಸುವುದು ಮುಖ್ಯ. ಒಂದು ಮಿಲಿಮೀಟರಿನ ಹತ್ತನೇ ಒಂದು ಪಾಲಿನ ಮರಳಿನ ಕಣ 1/35ರಲ್ಲಿ ಮೂರೂವರೆ ಮಿ.ಮೀ. ಜಲ್ಲಿ ಆಗುತ್ತದೆ. ಧೂಳು ಧೂಳಿನ ಹಾಗೆ ಕಾಣಬೇಕಾದರೆ ಅದು ಮುಖದ ಪೌಡರಿನಷ್ಟು ನಯ ಇರಬೇಕು.

ಒಣ ಪುಡಿಯನ್ನು ಬ್ರಶ್ಶಿನಲ್ಲಿ ಉದುರಿಸಿ, ಅಂಚಿನಿಂದ ಐಸೋಪ್ರೊಪೈಲ್ ಆಲ್ಕೋಹಾಲ್ ತೊಟ್ಟು ತೊಟ್ಟಾಗಿ ಬಿಟ್ಟೆ. ಒದ್ದೆಯಾದಾಗ ಮಣ್ಣು ಕಾಫಿ ಬಣ್ಣಕ್ಕೆ ತಿರುಗುತ್ತದೆ, ಆರಿದ ಮೇಲೆ ಇಟ್ಟಿಗೆಯ ಬಣ್ಣಕ್ಕೆ ಮರಳುತ್ತದೆ. ಮಡ್‌ಗಾರ್ಡಿನ ಒಳಗೆ ದಪ್ಪ, ಬದಿಗೆ ಚಿಮ್ಮಿದ ಹಾಗೆ, ಬಾನೆಟ್ಟಿನ ಮೇಲೆ ಸುಮ್ನೆ ಒಂದು ಪದರ. ಹಿಂದಿನ ಸೀಟಿನ ಕೆಳಗೆ ಗೋಣಿಯ ನಾರು ಎರಡು ಎಳೆ.

ಬಲಬದಿ, ಡ್ರೈವರ್ ಕೂರುವ ಜಾಗದ ಕೆಳಗೆ ಒಂದು ಉದ್ದ ಕಲೆ ಉಂಟು. ಎಕ್ಸ್-27 ಕ್ಲಿಯರ್ ರೆಡ್ಡಿಗೆ ಒಂದು ಹನಿ ಕಂದು ಬೆರೆಸಿ, ತೆಳು ಬ್ರಶ್ಶಿನಲ್ಲಿ ಮುಂದಿನಿಂದ ಹಿಂದಕ್ಕೆ ಎಳೆದದ್ದು. ಕ್ಲಿಯರ್ ಬಣ್ಣ ಆದ್ದರಿಂದ ಒಣಗಿದ ಮೇಲೂ ಈಗಷ್ಟೇ ಬಿದ್ದ ಹಾಗೆ ಹಸಿ ಹಸಿ ಹೊಳೆಯುತ್ತದೆ. ಮಾವನ ಎಲೆಯಡಿಕೆ. ಸ್ಟೇರಿಂಗು ಬಲಕ್ಕೆ ತಂದದ್ದು ಸುಮ್ಮನೆ ಅಲ್ಲ. ಜೀಪು ಓಡುವಾಗ ಉಗುಳಿದರೆ ಗಾಳಿಗೆ ಅದು ನೇರ ಕೆಳಗೆ ಬೀಳುವುದಿಲ್ಲ, ಹಿಂದಕ್ಕೆ ಹೋಗುತ್ತದೆ. ಹಿಂದಿನ ಸೀಟಿನಲ್ಲಿ ಕುಳಿತು ಹೋದವನಿಗೆ ಇದು ಯಾವ ಪುಸ್ತಕವೂ ಹೇಳಿಕೊಡಬೇಕಾಗಿಲ್ಲ.

ಒಟ್ಟು ಖರ್ಚು, ಕಂಪ್ರೆಸರ್ ಬಿಟ್ಟು, ನಾಲ್ಕು ಸಾವಿರದ ಆಸುಪಾಸು. ಅದರಲ್ಲಿ ಪೇಂಟ್, ಅಂಟು, ಸ್ಟೈರೀನು ಮುಂದಿನ ಎರಡು ಕಿಟ್‌ಗೆ ಸಾಕಾಗುವಷ್ಟು ಉಳಿದಿದೆ. ಏರ್‌ಬ್ರಶ್ ಇಲ್ಲದವರು ಸ್ಪ್ರೇ ಕ್ಯಾನಿನಲ್ಲೂ ಮಾಡಬಹುದು, ಆದರೆ ಅದನ್ನು ದೀಪಾವಳಿ ಕಳೆದು ಮಾಡಿ. ಪಿಗ್ಮೆಂಟಿನ ಬಗ್ಗೆ ಒಂದು ಎಚ್ಚರಿಕೆ: ಆಲ್ಕೋಹಾಲು ಅದನ್ನು ಕೂರಿಸುತ್ತದೆ, ಹಿಡಿದಿಡುವುದಿಲ್ಲ. ಮೇಲೆ ಮ್ಯಾಟ್ ಕ್ಲಿಯರ್ ಹೊಡೆಯಬೇಕು, ಹೊಡೆದರೆ ಧೂಳಿನ ಬಣ್ಣ ಅರ್ಧ ಮಾಯ. ನಾನು ಹೊಡೆಯಲಿಲ್ಲ. ಶೋಕೇಸಿನಲ್ಲಿ ಇಡುವುದಲ್ವಾ, ಯಾರು ಮುಟ್ಟುತ್ತಾರೆ ಅಂತ.

ಅಕ್ಟೋಬರಿನಲ್ಲಿ ಮಾವ ಕಣ್ಣಿನ ಚೆಕಪ್ಪಿಗೆ ಅಂತ ಮಂಗಳೂರಿಗೆ ಬಂದರು. ಎಪ್ಪತ್ತೆಂಟು ಕಳೆದಿದೆ, ಒಂದು ಕಣ್ಣಿಗೆ ಪೊರೆ ತೆಗೆಸಿ ಆಗಿದೆ. ಊಟ ಆದ ಮೇಲೆ ಜೀಪನ್ನು ತಂದು ಅವರ ಅಂಗೈ ಮೇಲಿಟ್ಟೆ. ಕನ್ನಡಕ ಮೇಲಕ್ಕೆತ್ತಿ, ಕಣ್ಣಿನ ಹತ್ತಿರ ತಂದು, ತುಂಬಾ ಹೊತ್ತು ನೋಡಿದರು. ಗ್ರಿಲ್ಲಿನ ಬಗ್ಗೆ ಏನೂ ಹೇಳಲಿಲ್ಲ. ಚಮಕಿ ಅಂತ ಗೊತ್ತೂ ಆಗಲಿಲ್ಲ. ಕಲೆ ನೋಡಿ ನಕ್ಕರು.

"ಹಿಂದಿನ ಬಾಗಿಲಿಗೆ ಚೈನು ಎಲ್ಲಿ ಮಾರಾಯ?" ಅಂದರು.

"ಚೈನು ಇತ್ತಾ ಮಾವ?"

"ಎರಡು ಬದಿಗೂ ಇತ್ತು. ಇಲ್ಲದಿದ್ದರೆ ಗೋಣಿ ಹೇಗೆ ನಿಲ್ಲುವುದು? ನೀನು ಅದನ್ನೇ ಹಿಡಿದುಕೊಂಡು ಕೂರ್ತಿದ್ದಿ."

ಸರಿಯೇ. ಬೆನ್ನಿಗೆ ಗೊತ್ತಿದ್ದದ್ದು ಕೈಗೆ ಮರೆತು ಹೋಗಿತ್ತು. ನಾನು ಒಳಗೆ ಹೋಗಿ, ಹೆಂಡತಿಯ ಹಳೇ ಸಪೂರ ಸರ ಏನಾದರೂ ಸಿಗುತ್ತದಾ ಅಂತ ಹುಡುಕಿ ವಾಪಸ್ ಬರುವಷ್ಟರಲ್ಲಿ ಮಾವ ಹೆಗಲಿನ ಬೈರಾಸು ತೆಗೆದು, ಅದರ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಾನೆಟ್ಟನ್ನು ಒರೆಸುತ್ತಿದ್ದರು.

"ಎಂತ ಧೂಳು ಮಾರಾಯ ಇದು, ಹೀಗೆ ಇಡ್ಲಿಕ್ಕುಂಟಾ?"

ಮುರಕಲ್ಲೆಲ್ಲ ಬೈರಾಸಿಗೆ. ಬಾನೆಟ್ಟು ಪಳಪಳ, ಉಳಿದ ಜೀಪೆಲ್ಲ ಕೆಸರು. ರಾತ್ರಿ ಮತ್ತೆ ಪುಡಿ ಉದುರಿಸಲು ಕುಳಿತೆ, ಬ್ರಶ್ಶೂ ಕೈಗೆ ತೆಗೆದುಕೊಂಡೆ. ಆಮೇಲೆ ನೆನಪಾಯಿತು, ಆಗಲೂ ಅವರು ಬೆಳಿಗ್ಗೆ ಹೊರಡುವ ಮೊದಲು ಇದೇ ತರದ ಬೈರಾಸಿನಲ್ಲಿ ಬಾನೆಟ್ಟು ಮಾತ್ರ ಒರೆಸುತ್ತಿದ್ದರು. ಪುಡಿಯ ಡಬ್ಬಿ ಮುಚ್ಚಿಟ್ಟು ಚೈನು ಅಂಟಿಸಿದೆ.